ಸಹಾಯ ಬೇಕು: ಆಯಿಲ್ ಬದಲಾಯಿಸಿದ ಮೇಲೆ ಡ್ರೇನ್ ಬೋಲ್ಟಿನಲ್ಲಿ ಜಿನುಗು

ಮಾನ್ಯರೇ, ಪುಣೆಯ ಕೋಥ್ರೂಡಿನಲ್ಲಿರುವ ನಾನು ಕಳೆದ ಭಾನುವಾರ ನಮ್ಮ ಪೆಟ್ರೋಲ್ ಕಾರಿನ ಎಂಜಿನ್ ಆಯಿಲನ್ನು ಮೊದಲ ಬಾರಿಗೆ ಮನೆಯಲ್ಲೇ ಬದಲಾಯಿಸಿದೆ. ಎಂಜಿನ್ ತುಸು ಬೆಚ್ಚಗಾದ ಮೇಲೆ ಹಳೆಯ ಆಯಿಲನ್ನು ಪೂರ್ತಿ ಇಳಿಸಿ, ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ ಕೈಯಲ್ಲೇ ಬಿಗಿದು, ಕೈಪಿಡಿಯಲ್ಲಿ ಸೂಚಿಸಿರುವ 5ಡಬ್ಲ್ಯೂ-30 ದರ್ಜೆಯ ಆಯಿಲನ್ನೇ ತುಂಬಿದ್ದೇನೆ. ಆದರೆ ಆಯಿಲ್ ಇಳಿಸುವ ರಂಧ್ರವನ್ನು ಮುಚ್ಚುವ ಡ್ರೇನ್ ಬೋಲ್ಟಿನ ವಾಷರನ್ನು (ಸೋರದಂತೆ ತಡೆಯುವ ಬಳೆಯನ್ನು) ಮಾತ್ರ, ಜಿಪುಣತನವೆಂದರೂ ಸರಿಯೇ, ಬದಲಾಯಿಸಲಿಲ್ಲ. ಈಗ ಪ್ರತಿದಿನ ಬೆಳಿಗ್ಗೆ ಕಾರಿನಡಿ ಹಾಸಿದ ಮರಾಠಿ ಪತ್ರಿಕೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಲೆ ಕಾಣುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇನ್ನೂ ಕನಿಷ್ಠ ಮತ್ತು ಗರಿಷ್ಠ ಗುರುತುಗಳ ನಡುವೆಯೇ ಇದೆ. ಬೋಲ್ಟನ್ನು ಇನ್ನಷ್ಟು ಬಿಗಿದರೆ ಥ್ರೆಡ್ (ತಿರುಪಿನ ಗೆರೆ) ಹಾಳಾದೀತೆಂಬ ಭಯವಿದೆ. ಆಯಿಲನ್ನು ಮತ್ತೆ ಇಳಿಸಿ ಹೊಸ ವಾಷರ್ ಹಾಕುವುದೊಂದೇ ದಾರಿಯೇ, ಹಾಗೆ ಸ್ವಚ್ಛ ಪಾತ್ರೆಗೆ ಇಳಿಸಿಕೊಂಡ ಆಯಿಲನ್ನೇ ಮರಳಿ ತುಂಬಬಹುದೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ. ಹಳೆಯ ಆಯಿಲ್ ಕ್ಯಾನಿನಲ್ಲಿದೆ. ಅದನ್ನು ಇಲ್ಲಿ ಎಲ್ಲಿ ಒಪ್ಪಿಸಬೇಕು?