ಬಿಳಿ ರಣದ ಚಿತ್ರಗಳು ಬೂದಾಗುವುದೇಕೆ?

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿ ನೆಲೆಸಿರುವ ನಾನು, ಡಿಸೆಂಬರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಮೂಲಕ ಅಹಮದಾಬಾದಿಗೂ ಅಲ್ಲಿಂದ ಕಚ್ಛಕ್ಕೂ ಒಬ್ಬನೇ ಕಾರಿನಲ್ಲಿ ಹೋಗಬೇಕೆಂದಿದ್ದೇನೆ. ಕಳೆದ ಬಾರಿ ಅಲ್ಲಿನ ಬಿಳಿ ರಣದಲ್ಲಿ, ಅಂದರೆ ಉಪ್ಪಿನ ಬಯಲಿನಲ್ಲಿ, ತೆಗೆದ ಚಿತ್ರಗಳೆಲ್ಲ ಬೂದಾಗಿ ಬಂದು ಬಹಳ ಬೇಸರವಾಯಿತು, ತಪ್ಪಿದ್ದೆಲ್ಲಿ?

ಉತ್ತರ 1: ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿನ ದೃಶ್ಯವನ್ನು ಸರಾಸರಿ ನಡುಬೂದೆಂದೇ ಎಣಿಸುವುದರಿಂದ, ಹೊಳೆಯುವ ಉಪ್ಪನ್ನು ಕಂಡಾಗ ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ತಗ್ಗಿಸಿಬಿಡುತ್ತದೆ. ಅದನ್ನು ಒಂದು ಸ್ಟಾಪ್ (ಅಂದರೆ ಎರಡರಷ್ಟು) ಹೆಚ್ಚಿಸಿ, ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಒತ್ತದಂತೆ ನೋಡಿಕೊಂಡು, ರಾ ಕಡತದಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆಯಿರಿ.

ಉತ್ತರ 2: ಮೇಲಿನವರ ಮಾತು ಸರಿ. ವೈಡ್ ಆಂಗಲ್ ಲೆನ್ಸಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದರೆ ಆಕಾಶದ ನೀಲಿ ಒಂದೆಡೆ ಗಾಢವಾಗಿ, ಇನ್ನೊಂದೆಡೆ ಪೇಲವವಾಗಿ ಕಾಣುತ್ತದೆ, ಬೇಡ. ಬಿಳಿ ರಣಕ್ಕೆ ಹೋಗಲು ಪರವಾನಗಿ ಮಾಡಿಸಿಕೊಳ್ಳಿ. ಒಬ್ಬರೇ ಇರುವುದರಿಂದ ಉಪ್ಪಿನ ಪದರಕ್ಕೆ ಕಾರು ಇಳಿಸಲೇಬೇಡಿ, ಅಡಿಯಲ್ಲಿ ಕೆಸರಿರುತ್ತದೆ.