ಕನ್ನಡಿ ಹಿಂದೆ ಕೂರುವ ಡ್ಯಾಶ್‌ಕ್ಯಾಮ್ ಹಾಕಿಸಿದವರು ಯಾರಾದರೂ ಇದ್ದೀರಾ?

ಕೇಳಿದವರು, ಬೆಂಗಳೂರು

ಕಳೆದ ತಿಂಗಳು ಹೊಸ ಕಾರು ಮನೆಗೆ ಬಂತು. ಅಡಾಸ್ (ಕ್ಯಾಮೆರಾ, ಸೆನ್ಸರ್ ಮೂಲಕ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇರುವ ಮಾಡೆಲ್. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿ ಹಿಂದೆ, ಕಂಪನಿಯದೇ ಕ್ಯಾಮೆರಾ ಇದೆ. ಅದು ರಸ್ತೆ ನೋಡುತ್ತದೆ, ಆದರೆ ಏನನ್ನೂ ರೆಕಾರ್ಡ್ ಮಾಡುವುದಿಲ್ಲ. ನಮ್ಮ ಔಟರ್ ರಿಂಗ್ ರೋಡ್ ಗೊತ್ತಲ್ಲ, ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಇಲ್ಲದೆ ಧೈರ್ಯ ಬರುತ್ತಿಲ್ಲ. ಗಾಜಿಗೆ ಅಂಟಿಸಿ ವೈರ್ ಜೋತುಬಿಡುವುದು ಮನೆಯವರಿಗೆ ಇಷ್ಟವಿಲ್ಲ. ಕನ್ನಡಿ ಹಿಂದಿನ ಪ್ಲಾಸ್ಟಿಕ್ ಕವರ್ ತೆಗೆದು, ಅದೇ ಆಕಾರದ ಕ್ಯಾಮೆರಾ ಇರುವ ಕವರ್ ಕೂರಿಸುತ್ತಾರಂತೆ. ವಾರಂಟಿ ಹೋಗುತ್ತಾ? ಅಡಾಸ್‌ಗೆ ತೊಂದರೆ ಆಗುತ್ತಾ? ನಾವೇ ಹಾಕಬಹುದಾ?

ಮೈಸೂರಿನಿಂದ

ಸರ್, ನಾನು ಹಾಕಿ ಒಂದೂವರೆ ವರ್ಷ ಆಯಿತು. ಹೊರಗಿನಿಂದ ನೋಡಿದವರಿಗೆ ಕ್ಯಾಮೆರಾ ಇದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಮೊದಲ ಸಲ ತಪ್ಪು ಕವರ್ ತರಿಸಿದೆ.

ಕಾರಿನ ಹೆಸರು, ವರ್ಷ ನೋಡಿ ಆರ್ಡರ್ ಮಾಡಿದ್ದೆ. ಬಂದ ಕವರ್ ರೇನ್ ಸೆನ್ಸರ್ (ಮಳೆ ಗುರುತಿಸಿ ವೈಪರ್ ಓಡಿಸುವುದು) ಇರುವ ವೇರಿಯಂಟಿನದು. ನನ್ನದರಲ್ಲಿ ರೇನ್ ಸೆನ್ಸರ್ ಇಲ್ಲ, ರಾತ್ರಿ ತಾನೇ ಮಂಕಾಗುವ ಕನ್ನಡಿ ಮಾತ್ರ ಇದೆ. ಒಂದೇ ಕಾರು, ಒಂದೇ ವರ್ಷ, ಆದರೂ ಕವರ್ ಬೇರೆ, ಒಳಗಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬೇರೆ. ಹಾಗಾಗಿ ನಿಮ್ಮ ಕನ್ನಡಿ ಬುಡದ ಫೋಟೋ ತೆಗೆಯಿರಿ. ಎಡದಿಂದ, ಬಲದಿಂದ, ಗಾಜಿನ ಹೊರಗಿನಿಂದ. ಮಾರುವವರಿಗೆ ಕಳಿಸಿ, ಅವರು ಹೌದು ಎಂದ ಮೇಲೆ ದುಡ್ಡು ಕಟ್ಟಿ.

ಹಾಕುವ ಕೆಲಸ ಸುಲಭ. ಕವರ್ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಬೇಕು. ಸ್ಕ್ರೂಡ್ರೈವರ್ ತೂರಿಸಿದಿರೋ, ಗೀರು ಬಿದ್ದೇ ಬೀಳುತ್ತದೆ. ಕನ್ನಡಿಗೋ ರೇನ್ ಸೆನ್ಸರಿಗೋ ಬರುವ ಕಪ್ಲರ್ ಕಳಚಿ, ನಡುವೆ ವೈ ಆಕಾರದ ಕೇಬಲ್ ಸಿಕ್ಕಿಸುವುದು. ಒಂದು ಕವಲು ಹಳೇ ಜಾಗಕ್ಕೆ, ಇನ್ನೊಂದು ಕ್ಯಾಮೆರಾಗೆ. ಎಲ್ಲೂ ವೈರ್ ಕತ್ತರಿಸುವುದಿಲ್ಲ. ನನಗೆ ನಲವತ್ತು ನಿಮಿಷ ಹಿಡಿಯಿತು, ಅದರಲ್ಲಿ ಅರ್ಧ ಭಯಕ್ಕೆ ಹೋಯಿತು.

ಅಡಾಸ್ ಕ್ಯಾಮೆರಾ ಗಾಜಿಗೆ ಅಂಟಿದ ಬ್ರಾಕೆಟ್‌ನಲ್ಲಿ ಕೂತಿರುತ್ತದೆ. ಅದನ್ನು ಮುಟ್ಟಲೇಬೇಡಿ. ಸ್ವಲ್ಪ ಅಲುಗಾಡಿದರೂ ಮತ್ತೆ ಕ್ಯಾಲಿಬ್ರೇಷನ್ (ಅದರ ನೋಟ ಸರಿಹೊಂದಿಸುವುದು) ಬೇಕಾಗಬಹುದು, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಹೊಸ ಕವರಿನ ಅಂಚು ಅದರ ನೋಟಕ್ಕೆ ಅಡ್ಡ ಬರುತ್ತದಾ ಅಂತ ಹೊರಗೆ ನಿಂತು ನೋಡಿ. ಅಡ್ಡ ಬಂದರೆ ವಾಪಸ್ ಕಳಿಸಿ. ರೇನ್ ಸೆನ್ಸರ್ ಇದ್ದರೆ ಅದನ್ನೂ ಗಾಜಿನಿಂದ ಕೀಳಬೇಡಿ. ನಡುವಿನ ಜೆಲ್ ಪದರದಲ್ಲಿ ಗಾಳಿಗುಳ್ಳೆ ಸೇರಿದರೆ ಬಿಸಿಲಲ್ಲೂ ವೈಪರ್ ಓಡಬಹುದು.

ವಾರಂಟಿ ಬಗ್ಗೆ ಸರ್ವೀಸ್ ಸೆಂಟರಿನಲ್ಲಿ ಕೇಳಿದೆ. "ಕಪ್ಲರ್ ಆದ್ರೆ ಪರವಾಗಿಲ್ಲ, ವೈರ್ ಕಟ್ ಮಾಡಿದ್ರೆ ನಮ್ಮ ಜವಾಬ್ದಾರಿ ಅಲ್ಲ" ಅಂದರು. ಬರೆದು ಕೊಡಿ ಅಂದೆ, ನಕ್ಕರು. ಅದಕ್ಕೇ ಹಳೇ ಕವರ್ ಎಸೆಯದೆ ಇಟ್ಟಿದ್ದೇನೆ, ಸರ್ವೀಸಿಗೆ ಬಿಡುವ ಮುಂಚೆ ಬೇಕಾದರೆ ಹಾಕಿಕೊಳ್ಳಬಹುದು.

ಯಾರೂ ಹೇಳದ ಎರಡು ಕಿರಿಕಿರಿಗಳಿವೆ. ಇಂಥ ಕ್ಯಾಮೆರಾಗೆ ಸ್ಕ್ರೀನ್ ಇರುವುದಿಲ್ಲ, ವಿಡಿಯೋ ನೋಡಲು ಫೋನನ್ನು ಅದರ ವೈಫೈಗೆ ಜೋಡಿಸಬೇಕು. ನಿಮ್ಮದು ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಆಗಿದ್ದರೆ ಫೋನ್ ಆಗಲೇ ಕಾರಿನ ವೈಫೈಗೆ ಅಂಟಿರುತ್ತದೆ. ಕ್ಯಾಮೆರಾದ ವೈಫೈ ಹಿಡಿದರೆ ಕಾರಿನದು ಕೈಬಿಡುತ್ತದೆ. ಮ್ಯಾಪ್ ಹಾಕಿಕೊಂಡು ಹೋಗುವಾಗ ವಿಡಿಯೋ ನೋಡುವ ಆಸೆ ಬೇಡ. ಎರಡನೆಯದು ಟೈಮ್. ನನ್ನ ಕ್ಯಾಮೆರಾ ಚೀನಾದ ಗಡಿಯಾರದಲ್ಲೇ ಬಂದಿತ್ತು, ನಮಗಿಂತ ಎರಡೂವರೆ ಗಂಟೆ ಮುಂದೆ. ನಾಲ್ಕು ತಿಂಗಳು ನಾನು ನೋಡಿರಲೇ ಇಲ್ಲ. ಸಂಜೆ ಐದರ ಬಿಸಿಲಿನಲ್ಲಿ ಏಳೂವರೆ ಅಂತ ತೋರಿಸುವ ವಿಡಿಯೋ ಹಿಡಿದು ಯಾರ ಹತ್ತಿರ ಜಗಳ ಆಡುವುದು, ಹೇಳಿ?

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಕಲ್ ಕೆಲಸದವನು

ಸರ್, ಎಲ್ಲರೂ ಕ್ಯಾಮೆರಾ ಎಷ್ಟು ಪಿಕ್ಸೆಲ್ ಅಂತ ಕೇಳುತ್ತಾರೆ. ಕರೆಂಟ್ ಎಲ್ಲಿಂದ ತಗೋತೀರಿ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಕ್ಯಾಮೆರಾ ಕೆಟ್ಟಿದ್ದಕ್ಕಿಂತ ಬ್ಯಾಟರಿ ಇಳಿದು ಬಂದವೇ ಜಾಸ್ತಿ.

ಮೈಸೂರಿನವರು ಹೇಳಿದ ಕಪ್ಲರ್ ಒಳ್ಳೆಯದೇ. ಆದರೆ ಕೆಲವು ಕಾರುಗಳಲ್ಲಿ ಆ ಕಪ್ಲರಿಗೆ ಇಗ್ನಿಷನ್ ಆಫ್ ಮಾಡಿದರೂ ಕರೆಂಟ್ ಬರುತ್ತಿರುತ್ತದೆ. ಹಾಕಿದ ದಿನವೇ ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಹೊರಗಿನಿಂದ ಇಣುಕಿ ನೋಡಿ. ಕ್ಯಾಮೆರಾದ ಲೈಟ್ ಇನ್ನೂ ಉರಿಯುತ್ತಿದ್ದರೆ ಆ ಜಾಗ ಬೇಡ.

ಗಾಡಿ ನಿಂತಾಗಲೂ ರೆಕಾರ್ಡ್ ಆಗಬೇಕು ಅಂದರೆ ಫ್ಯೂಸ್ ಬಾಕ್ಸಿನಿಂದ ಹಾರ್ಡ್‌ವೈರ್ ಕಿಟ್ ಹಾಕಬೇಕು. ಸಾಮಾನ್ಯವಾಗಿ ಮೂರು ವೈರ್: ಹಳದಿ ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ, ಕೆಂಪು ಕೀ ಆನ್ ಮಾಡಿದಾಗ ಮಾತ್ರ ಬರುವುದಕ್ಕೆ, ಕಪ್ಪು ಬಾಡಿ ಅರ್ಥ್‌ಗೆ. ಬಣ್ಣ ನಂಬಬೇಡಿ, ಕಿಟ್‌ನ ಚೀಟಿ ಓದಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಇಸಿಯು ಫ್ಯೂಸುಗಳ ತಂಟೆಗೆ ಹೋಗಬಾರದು. ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದ ಇನ್ನೊಂದು ವೈರ್‌ಗೆ ಕರೆಂಟ್ ಕೊಡುವ ಅಡಾಪ್ಟರ್) ತರುವಾಗ ಸೈಜ್ ನೋಡಿ, ಹೊಸ ಗಾಡಿಗಳಲ್ಲಿ ಮೈಕ್ರೋ ಫ್ಯೂಸ್, ಗಿಡ್ಡ ಮಿನಿ ಫ್ಯೂಸ್ ಜಾಸ್ತಿ. ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಗಾಡಿಯಾದರೆ ಸಾಮಾನ್ಯವಾಗಿ ಬ್ಯಾಟರಿಯ ಮೈನಸ್ ಮೇಲೆ ಅದರ ಚಾರ್ಜ್ ಅಳೆಯುವ ಸೆನ್ಸರ್ ಇರುತ್ತದೆ. ಅರ್ಥ್ ಅನ್ನು ಆ ಟರ್ಮಿನಲ್‌ಗೆ ಕೊಟ್ಟರೆ ಸೆನ್ಸರಿಗೆ ಲೆಕ್ಕ ತಪ್ಪುತ್ತದೆ. ಬಾಡಿಗೇ ಕೊಡಿ.

ಒಂದು ಲೆಕ್ಕ ಹೇಳುತ್ತೇನೆ. ಕ್ಯಾಮೆರಾ 4 ವ್ಯಾಟ್ ತಿನ್ನುತ್ತದೆ ಅನ್ನಿ. 12 ವೋಲ್ಟಿಗೆ ದಿನಕ್ಕೆ 8 ಆಂಪಿಯರ್-ಅವರ್ ಆಯಿತು. ನಿಮ್ಮ ಬ್ಯಾಟರಿ 45 ಆಂಪಿಯರ್-ಅವರ್‌ನದು ಅನ್ನಿ. ಮೂರು ದಿನ ಊರಿಗೆ ಬಸ್ಸಲ್ಲಿ ಹೋಗಿ ಬಂದಿರಿ, ಅರ್ಧಕ್ಕಿಂತ ಜಾಸ್ತಿ ಖಾಲಿ. ಅದಕ್ಕೇ ಬ್ಯಾಟರಿ ಇಷ್ಟಕ್ಕೆ ಇಳಿದರೆ ಕ್ಯಾಮೆರಾಗೆ ಕರೆಂಟ್ ನಿಲ್ಲಲಿ ಅಂತ ಕಿಟ್‌ನಲ್ಲಿ ಕಟ್ ಆಗುವ ವೋಲ್ಟೇಜ್ ಇರುತ್ತದೆ. ನಾನು 12.2 ವೋಲ್ಟಿಗೆ ಇಡುತ್ತೇನೆ. ಎಲೆಕ್ಟ್ರಿಕ್ ಕಾರಿನವರೂ ನಗಬೇಡಿ. ನಿಮ್ಮ ಗಾಡಿ ಎದ್ದೇಳುವುದೂ 12 ವೋಲ್ಟಿನ ಪುಟ್ಟ ಬ್ಯಾಟರಿಯಿಂದಲೇ.

ಇನ್ನೊಂದು. ಫ್ಯೂಸ್ ಬಾಕ್ಸಿನಿಂದ ಮೇಲೆ ಹೋಗುವ ವೈರ್ ಮುಂದಿನ ಗಾಜಿನ ಪಕ್ಕದ ಕಂಬದ ಒಳಗೆ ಹಾದು ಹೋಗುತ್ತದೆ. ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವುದು) ಇರುವ ಗಾಡಿಯಲ್ಲಿ ವೈರ್ ಬ್ಯಾಗಿನ ಹಿಂದೆ ಇರಬೇಕು, ಮುಂದೆ ಅಲ್ಲ. ಬ್ಯಾಗ್ ಬಿಚ್ಚಿಕೊಂಡಾಗ ಮುಂದಿರುವ ವೈರ್ ಅದಕ್ಕೆ ಅಡ್ಡ ಬರುತ್ತದೆ, ಇಲ್ಲಾ ಮುಖಕ್ಕೆ ಹೊಡೆಯುತ್ತದೆ. ಇದನ್ನು ಮಾತ್ರ ಯೂಟ್ಯೂಬ್ ನೋಡಿ ಮಾಡಬೇಡಿ.

ಕಲಬುರಗಿಯಿಂದ

ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ. ಮುಚ್ಚಿದ ಕಾರಿನ ಒಳಗೆ, ಗಾಜಿಗೆ ತಾಗಿ ಕೂತ ಕ್ಯಾಮೆರಾ ಹೇಗಿರುತ್ತದೆ ನೀವೇ ಯೋಚಿಸಿ. ಮೊದಲು ಕೊಂಡಿದ್ದರ ಲಿಥಿಯಂ ಬ್ಯಾಟರಿ ಒಂದೇ ಬೇಸಿಗೆಗೆ ಹಪ್ಪಳದ ಹಾಗೆ ಉಬ್ಬಿತು. ಈಗಿನದು ಬ್ಯಾಟರಿ ಬದಲು ಶಾಖ ತಡೆಯುವ ಸೂಪರ್ ಕೆಪಾಸಿಟರ್ ಇರುವುದು, ಎರಡು ಬೇಸಿಗೆ ದಾಟಿತು. ಮೆಮೊರಿ ಕಾರ್ಡ್ ಕೂಡ ಹೈ ಎಂಡ್ಯೂರೆನ್ಸ್ (ಮತ್ತೆ ಮತ್ತೆ ಬರೆದರೂ ಬಾಳುವುದು) ಅಂತ ಬರೆದಿರುವುದನ್ನೇ ತಗೊಳ್ಳಿ. ಫೋನಿನ ಹಳೇ ಕಾರ್ಡ್ ಹಾಕಿದರೆ ಸುಮ್ನೆ ಲೈಟ್ ಉರಿಯುತ್ತಿದ್ದು, ಒಳಗೆ ಏನೂ ಇಲ್ಲದೆ ಹೋಗಬಹುದು. ನನ್ನದು ಗಂಟೆಗೆ 7 ಜಿಬಿ ತುಂಬುತ್ತದೆ. 64 ಜಿಬಿಗೆ ಹೆಚ್ಚೆಂದರೆ ಒಂಬತ್ತು ಗಂಟೆ ಸಿಗುತ್ತದೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ.

ಮಂಗಳೂರಿನಿಂದ

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕವರ್ ಥರದ್ದು ಚೆಂದ ಹೌದು, ಆದರೆ ಕಾರು ಮಾರಿದರೆ ಅದೂ ಕಾರಿನ ಜತೆಗೇ ಹೋಗುತ್ತದೆ. ಬೇರೆ ಯಾವ ಕಾರಿಗೂ ಕೂರುವುದಿಲ್ಲ. ಗಾಜಿಗೆ ಅಂಟಿಸುವುದನ್ನೂ ಕನ್ನಡಿ ಹಿಂದೆ ಬಚ್ಚಿಟ್ಟು, ವೈರ್ ರೂಫ್ ಲೈನಿಂಗ್ ಒಳಗೆ ತೂರಿಸಿದರೆ ಯಾರಿಗೂ ಕಾಣುವುದಿಲ್ಲ. ನನ್ನದು ಈಗ ಎರಡನೇ ಕಾರಿನಲ್ಲಿದೆ.

ಯಾವುದೇ ಹಾಕಿ, ಜಿ-ಸೆನ್ಸರ್ ಕಡಿಮೆಗೆ ಇಡಿ. ಅದು ಡಿಕ್ಕಿ ಅಂದುಕೊಂಡು ಫೈಲ್ ಲಾಕ್ ಮಾಡುವ ವ್ಯವಸ್ಥೆ. ನಮ್ಮ ಹಂಪ್ಸ್, ಗುಂಡಿಗಳಿಗೆ ಪ್ರತಿಯೊಂದೂ ಡಿಕ್ಕಿಯೇ. ಲಾಕ್ ಆದ ಫೈಲ್ ಅಳಿಯುವುದಿಲ್ಲ. ಶಿರಾಡಿ ಘಾಟಿ ಹತ್ತಿ ಇಳಿದು ನೋಡಿದರೆ ಕಾರ್ಡ್ ತುಂಬಾ ಹಂಪ್ಸ್‌ಗಳ ವಿಡಿಯೋ.

ರಾತ್ರಿ ನಂಬರ್ ಪ್ಲೇಟ್ ಓದಲು ಆಗುತ್ತದೆ ಅಂತ ಜಾಸ್ತಿ ನಿರೀಕ್ಷೆ ಬೇಡ. ನಮ್ಮ ಹೆಡ್‌ಲೈಟ್ ಬಿದ್ದ ಕೂಡಲೇ ಎಚ್‌ಎಸ್‌ಆರ್‌ಪಿ (ಸರ್ಕಾರ ಕಡ್ಡಾಯ ಮಾಡಿದ, ಬೆಳಕು ಪ್ರತಿಫಲಿಸುವ ನಂಬರ್ ಪ್ಲೇಟ್) ಫಳಫಳ ಬೆಳ್ಳಗಾಗುತ್ತದೆ. ನಾನು ನಂಬರನ್ನು ಜೋರಾಗಿ ಓದಿಬಿಡುತ್ತೇನೆ, ಮೈಕ್ ಹಿಡಿದುಕೊಳ್ಳುತ್ತದೆ.

ಅಪಘಾತ ಆದರೆ ಮೊದಲು ಕಾರ್ಡ್ ತೆಗೆದು ಜೇಬಿಗೆ ಹಾಕಿ. ವಾಟ್ಸಾಪಿನಲ್ಲಿ ಕಳಿಸಿದ ತುಣುಕು ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ರೆಕಾರ್ಡಿಂಗ್ ಜತೆ ಸರ್ಟಿಫಿಕೇಟ್ ಬೇಕು. ಒಂದು ಭಾಗ ನೀವು, ಇನ್ನೊಂದು ಭಾಗ ತಜ್ಞರು ತುಂಬಬೇಕು. ವಕೀಲರು ಮೊದಲು ಕೇಳುವುದೇ ಮೂಲ ಕಾರ್ಡ್ ಎಲ್ಲಿ ಅಂತ.

ಕೇಳಿದವರು, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಮುಂದಿನ ಕವರ್ ಮಾತ್ರ, ಪಾರ್ಕಿಂಗ್ ರೆಕಾರ್ಡಿಂಗ್ ಬೇಡ ಅಂತ ತೀರ್ಮಾನ ಮಾಡಿದೆ. ಕನ್ನಡಿ ಬುಡದ ಮೂರು ಫೋಟೋ ತೆಗೆದಿದ್ದೇನೆ. ಹಿಂದಿನ ಗಾಜಿಗೂ ಒಂದು ಕ್ಯಾಮೆರಾ ಹಾಕಬೇಕಾ?

ಮೈಸೂರಿನಿಂದ

ಸಿಗ್ನಲ್ಲಿನಲ್ಲಿ ಹಿಂದಿನಿಂದ ಬಂದು ಗುದ್ದುವವರೇ ಜಾಸ್ತಿ ಅಲ್ವಾ, ಹಾಕಿದರೆ ಒಳ್ಳೆಯದು. ಹಿಂಬದಿಯ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೆ ಕೇಬಲ್ ತೂರಿಸುವುದು ಮಾತ್ರ ಒಂದು ಮಧ್ಯಾಹ್ನ ತಿನ್ನುತ್ತದೆ. ಅಂಟಿಸುವಾಗ ಗಾಜಿನ ಮೇಲಿನ ಡಿಫಾಗರ್ (ಗಾಜು ಬಿಸಿ ಮಾಡಿ ಮಂಜು ತೆಗೆಯುವ) ಗೆರೆಗಳನ್ನು ಬಿಟ್ಟು ಅಂಟಿಸಿ. ನಾನು ಕೀಳುವಾಗ ಟೇಪ್ ಜತೆ ಒಂದು ಗೆರೆಯೂ ಎದ್ದು ಬಂತು.