ವಕೀಲರನ್ನು ಕೇಳಿ: ಮಿಯಾಮಿಯ ಜೋ ಕರೋಲೊ ಸೋತ ಮೇಲೂ ಮೇಯರ್ ಆದದ್ದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಾನೂನು ವಿದ್ಯಾರ್ಥಿ. ಅಮೆರಿಕದ ಮಿಯಾಮಿ ನಗರದಲ್ಲಿ ಜೋ ಕರೋಲೊ ಎಂಬವರು 1997ರ ಮೇಯರ್ ಚುನಾವಣೆಯಲ್ಲಿ ಸೋತು, ಮುಂದಿನ ಮಾರ್ಚ್‌ನಲ್ಲಿ ಮತ್ತೆ ಮೇಯರ್ ಆದರು ಎಂದು ಓದಿದೆ. ಮರುಚುನಾವಣೆ ನಡೆಯಲಿಲ್ಲವಂತೆ. ನ್ಯಾಯಾಲಯ ಹೀಗೆ ಮಾಡಬಹುದೆ?

ಉತ್ತರ: ನಮಸ್ಕಾರ. ಚುನಾವಣಾ ತಕರಾರು ಅರ್ಜಿಗಳಲ್ಲೇ ವೃತ್ತಿಜೀವನ ಕಳೆದ ನನಗೆ ಈ ಪ್ರಕರಣ ಬಹಳ ಕಾಡಿದೆ.

ಕರೋಲೊ ಹುಟ್ಟಿದ್ದು 1955ರಲ್ಲಿ, ಕ್ಯೂಬಾದಲ್ಲಿ. ಕ್ಯಾಸ್ಟ್ರೊ ಆಡಳಿತಕ್ಕೆ ಹೆದರಿ ತಂದೆತಾಯಿಯರು ಮಕ್ಕಳನ್ನಷ್ಟೇ ಅಮೆರಿಕಕ್ಕೆ ಕಳುಹಿಸಿದ ‘ಪೆಡ್ರೊ ಪ್ಯಾನ್’ ಕಾರ್ಯಾಚರಣೆಯಲ್ಲಿ ಬಂದ 14,000ಕ್ಕೂ ಹೆಚ್ಚು ಮಕ್ಕಳಲ್ಲಿ ಅವರೂ ಒಬ್ಬರು. 1979ರಲ್ಲಿ, 24ನೇ ವಯಸ್ಸಿಗೆ, ನಗರ ಆಯೋಗಕ್ಕೆ, ಅಂದರೆ ಜನರು ಆರಿಸುವ ನಗರಸಭೆಗೆ, ಗೆದ್ದರು. 1996ರಲ್ಲಿ ಮೇಯರ್ ಆದರು.

1997ರ ನವೆಂಬರ್ 4ರ ಮತದಾನದಲ್ಲಿ ಅವರ ಎದುರಾಳಿ ಝೇವಿಯರ್ ಸುವಾರೆಜ್. ಮತಗಟ್ಟೆಗಳಲ್ಲಿ ಕರೋಲೊ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಅಂಚೆ ಮತಗಳನ್ನು ಸೇರಿಸಿದಾಗ ಅದು ಅರ್ಧಕ್ಕಿಂತ ಕೊಂಚ ಕೆಳಗಿಳಿಯಿತು. ನಿಯಮದಂತೆ ಎರಡನೇ ಸುತ್ತು ನಡೆಯಿತು, ಸುವಾರೆಜ್ ಗೆದ್ದರು. ಆಮೇಲೆ ಅಂಚೆ ಮತಗಳ ಬಂಡವಾಳ ಬಯಲಾಯಿತು: ಸತ್ತವರ ಹೆಸರಿನಲ್ಲಿ ಮತ, ನಗರದಲ್ಲಿ ವಾಸವೇ ಇಲ್ಲದವರ ಮತ, ಸುಳ್ಳು ಸಾಕ್ಷಿಯ ಸಹಿ. ಸುವಾರೆಜ್ ಸ್ವತಃ ಭಾಗಿಯಾಗಿದ್ದರು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ವಿಚಾರಣಾ ನ್ಯಾಯಾಧೀಶರು ಹೊಸ ಚುನಾವಣೆಗೆ ಆದೇಶಿಸಿದರು. ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ, 1998ರ ಮಾರ್ಚ್‌ನಲ್ಲಿ ಅಂಚೆ ಮತಗಳನ್ನೆಲ್ಲ ರದ್ದುಮಾಡಿತು. ಉಳಿದ ಮತಗಳ ಲೆಕ್ಕದಲ್ಲಿ ಕರೋಲೊ ಮೊದಲ ಸುತ್ತಿನಲ್ಲೇ ಗೆದ್ದಿದ್ದರು. ಹಾಗಾಗಿ ಎರಡನೇ ಸುತ್ತಿನ ಅಗತ್ಯವೇ ಇರಲಿಲ್ಲ. ನ್ಯಾಯಾಲಯ ಅವರನ್ನು ತಾನಾಗಿ ಆರಿಸಲಿಲ್ಲ, ಕಳಂಕವಿಲ್ಲದ ಮತಗಳನ್ನಷ್ಟೇ ಎಣಿಸಿತು.

ಇನ್ನೊಬ್ಬರ ಪ್ರಶ್ನೆ: ಪ್ರಾಮಾಣಿಕವಾಗಿ ಅಂಚೆಯಲ್ಲಿ ಮತ ಕಳುಹಿಸಿದವರ ಗತಿ?

ಉತ್ತರ: ನನ್ನ ಸಂಕಟವೂ ಅದೇ. ಮತದಾನ ಹಕ್ಕು, ಅಂಚೆಯ ಮೂಲಕ ಮತ ಹಾಕುವುದು ಮಾತ್ರ ಒಂದು ಸವಲತ್ತು ಎಂದಿತು ನ್ಯಾಯಾಲಯ. ಮೋಸಗಾರರಿಗೆ ಎರಡನೇ ಅವಕಾಶ ಕೊಡಬಾರದು ಎಂಬ ನಿಲುವು ನನಗೆ ಒಪ್ಪಿಗೆ. ಆದರೆ ಹಾಸಿಗೆ ಹಿಡಿದ ಮುದುಕಿಯೊಬ್ಬಳು ನಿಯಮದಂತೆ ಕಳುಹಿಸಿದ ಮತವೂ ಕಳ್ಳಮತಗಳ ಜೊತೆಗೇ ಕಸದ ಬುಟ್ಟಿ ಸೇರುತ್ತದೆ. ಹೊಸ ಚುನಾವಣೆಯೇ ಹೆಚ್ಚು ನ್ಯಾಯವಾಗಿರುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಅದೇ ಕರೋಲೊ ವಿರುದ್ಧ 2023ರಲ್ಲಿ ಭಾರಿ ಮೊತ್ತದ ತೀರ್ಪು ಬಂದಿತಲ್ಲ? ಆ ಹಣ ನಗರದ ಬೊಕ್ಕಸದಿಂದ ಹೋಗುವುದಿಲ್ಲವೆ?

ಉತ್ತರ: ಇಲ್ಲ, ತೀರ್ಪು ಅವರ ಮೇಲೆ ವೈಯಕ್ತಿಕವಾಗಿ ಬಂದದ್ದು. 2001ರ ಚುನಾವಣೆಯಲ್ಲಿ ಮೇಯರ್ ಹುದ್ದೆ ಕಳೆದುಕೊಂಡ ಕರೋಲೊ, 2017ರಲ್ಲಿ ಮತ್ತೆ ಕಮಿಷನರ್ ಆಗಿ ಗೆದ್ದರು. (ಅಲ್ಲಿ ಕಮಿಷನರ್ ಎಂದರೆ ನಮ್ಮ ಪಾಲಿಕೆಯ ಆಯುಕ್ತರಂತೆ ಅಧಿಕಾರಿಯಲ್ಲ, ಜನರು ಆರಿಸಿದ ಐವರು ಸದಸ್ಯರಲ್ಲಿ ಒಬ್ಬರು.) ಆ ಚುನಾವಣೆಯಲ್ಲಿ ಮಿಯಾಮಿಯ ಲಿಟಲ್ ಹವಾನಾ ಬಡಾವಣೆಯ ಇಬ್ಬರು ಉದ್ಯಮಿಗಳು ಅವರ ಎದುರಾಳಿಯನ್ನು ಬೆಂಬಲಿಸಿದ್ದರು. ಅದಕ್ಕೆ ಸೇಡು ತೀರಿಸಿಕೊಳ್ಳಲು ಪೊಲೀಸರನ್ನೂ ಕಟ್ಟಡ ನಿಯಮಗಳ ತನಿಖಾಧಿಕಾರಿಗಳನ್ನೂ ತಮ್ಮ ವ್ಯವಹಾರಗಳ ಮೇಲೆ ಛೂ ಬಿಟ್ಟರು ಎಂಬುದು ಉದ್ಯಮಿಗಳ ದೂರು. ಕರೋಲೊ ಇದನ್ನು ನಿರಾಕರಿಸಿದರು. ಫೆಡರಲ್ ನ್ಯಾಯಾಲಯದ ಜ್ಯೂರಿ ಉದ್ಯಮಿಗಳ ಮಾತನ್ನು ನಂಬಿ, 6.35 ಕೋಟಿ ಡಾಲರ್ ಕೊಡಬೇಕೆಂದಿತು. ಕರೋಲೊ ಮೇಲ್ಮನವಿ ಸಲ್ಲಿಸಿದರು.

1871ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ, ಅಧಿಕಾರ ಬಳಸಿ ಸಂವಿಧಾನದತ್ತ ಹಕ್ಕನ್ನು ತುಳಿದವರ ಮೇಲೆ ವೈಯಕ್ತಿಕವಾಗಿ ದಾವೆ ಹೂಡಬಹುದು. ಸಭೆಯಲ್ಲಿ ಮತ ಹಾಕಿದ್ದಕ್ಕೆ, ಕಾನೂನು ರೂಪಿಸಿದ್ದಕ್ಕೆ ರಕ್ಷಣೆ ಇದೆ. ಬೀದಿಗಿಳಿದು ಅಧಿಕಾರಿಗಳಿಗೆ ಆಜ್ಞೆ ಮಾಡಿದರೆ ಆ ರಕ್ಷಣೆ ಇಲ್ಲ. ಮೇಲಾಗಿ ಮಿಯಾಮಿ ನಗರದ ಸನ್ನದಿನ (ನಗರಾಡಳಿತದ ಮೂಲ ಕಾನೂನಿನ) ಪ್ರಕಾರ ಕಮಿಷನರ್‌ಗಳು ಸಿಬ್ಬಂದಿಗೆ ನೇರವಾಗಿ ಆದೇಶ ಕೊಡುವಂತಿಲ್ಲ. ಏನಿದ್ದರೂ ನಗರ ವ್ಯವಸ್ಥಾಪಕರ (ದೈನಂದಿನ ಆಡಳಿತ ನೋಡಿಕೊಳ್ಳುವ ಮುಖ್ಯ ಅಧಿಕಾರಿಯ) ಮೂಲಕವೇ ಹೋಗಬೇಕು. ನೀವು ವಿದ್ಯಾರ್ಥಿಯಾದ್ದರಿಂದ ಹೇಳುತ್ತೇನೆ, ತೀರ್ಪಿಗಿಂತ ಮೊದಲು ಆ ಸನ್ನದಿನ 4ನೇ ವಿಭಾಗವನ್ನು ಓದಿ. ಅರ್ಥವಾಗದಿದ್ದರೆ ಇಲ್ಲೇ ಕೇಳಿ, ಸಾಲು ಸಾಲಾಗಿ ಬಿಡಿಸಿ ಹೇಳುತ್ತೇನೆ.